ಪತ್ತೇದಾರಿ ಕಥೆಗೊಂದು ಪತ್ರಿಕೆ

ಕನ್ನಡದಲ್ಲಿ ಪತ್ತೇದಾರಿ ಕಥೆಗಳಿಗಾಗಿಯೇ ಒಂದು ಅಂತರ್ಜಾಲ ಪತ್ರಿಕೆ ತರಲು ನಾವು ಕೆಲವು ಗೆಳೆಯರು ಹೊರಟಿದ್ದೇವೆ. ವಿಷಯ ಕಿವಿಗೆ ಬಿದ್ದವರು ತಕ್ಷಣ ಕೇಳುವುದು, "ಈಗಿನ ಕಾಲದಲ್ಲಿ ಅದನ್ನ ಯಾರ್ರೀ ಓದ್ತಾರೆ?" ಎಂದು. ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಏನು ನೋಡುತ್ತೀರಿ ಎಂದು ನಾನು ಅವರನ್ನೇ ಕೇಳುತ್ತೇನೆ. ಮಲಯಾಳದ ಪೊಲೀಸ್ ಕಥೆ, ಕೊರಿಯಾದ ಸರಣಿ ಕೊಲೆಗಾರ, ಇನ್ಯಾವುದೋ ದೇಶದ ಹಿಮದಲ್ಲಿ ಸಿಕ್ಕಿದ ಹೆಣ, ಹೀಗೆ ಒಂದಾದ ಮೇಲೊಂದು ಹೆಸರು ಬರುತ್ತವೆ. ಕನ್ನಡದ್ದೆಂದರೆ ಸುನೀಲ್‌ಕುಮಾರ್ ದೇಸಾಯಿಯವರ ‘ತರ್ಕ’ವನ್ನೂ ‘ನಿಷ್ಕರ್ಷ’ವನ್ನೂ ಇಂದಿಗೂ ನೆನೆಯುತ್ತಾರೆ. 2019ರಲ್ಲಿ ‘ಕವಲುದಾರಿ’, ‘ಬೆಲ್ ಬಾಟಂ’ ಬಂದಾಗ ಟಾಕೀಸಿಗೆ ಹೋದವರೂ ಇವರೇ. ಯಾರು ಕೊಂದರು, ಹೇಗೆ ಸಿಕ್ಕಿಬಿದ್ದರು ಎಂಬ ಕುತೂಹಲ ಎಲ್ಲಿಗೂ ಹೋಗಿಲ್ಲ. ಓದಲು ಕೂತಾಗ ಅದಕ್ಕೆ ಉಣಬಡಿಸುವವರು ಕಡಿಮೆಯಾಗಿದ್ದಾರೆ.

ಪತ್ತೇದಾರಿ ಕಥೆ ಹುಟ್ಟಿದ್ದೇ ಪತ್ರಿಕೆಯಲ್ಲಿ. ಎಡ್ಗರ್ ಅಲನ್ ಪೋ ಪ್ಯಾರಿಸ್ಸಿನ ಒಂದು ಬೀದಿಯ ಜೋಡಿ ಕೊಲೆಯ ಬಗ್ಗೆ ಬರೆದ ಕಥೆ 1841ರಲ್ಲಿ ಫಿಲಡೆಲ್ಫಿಯಾದ ‘ಗ್ರಹಾಮ್ಸ್ ಮ್ಯಾಗಜೀನ್‌’ನಲ್ಲಿ ಬಂತು. ಈ ಪ್ರಕಾರದ ಇತಿಹಾಸ ಬರೆಯುವವರು ಶುರುಮಾಡುವುದು ಅಲ್ಲಿಂದಲೇ. ಷರ್ಲಾಕ್ ಹೋಮ್ಸ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಕಾನನ್ ಡಾಯ್ಲ್ ಅವನನ್ನು ನಾಯಕನನ್ನಾಗಿಸಿ ಎರಡು ಕಾದಂಬರಿ ಬರೆದಿದ್ದರು, 1887ರಲ್ಲೊಂದು, 1890ರಲ್ಲೊಂದು. ಓದಿದವರು ಮೆಚ್ಚಿದ್ದರು, ಆದರೆ ಊರೆಲ್ಲ ಹೋಮ್ಸ್ ಹೋಮ್ಸ್ ಎನ್ನುವ ಹಾಗೇನೂ ಆಗಿರಲಿಲ್ಲ. 1891ರ ಜನವರಿಯಲ್ಲಿ ಲಂಡನ್ನಿನಲ್ಲಿ ‘ಸ್ಟ್ರ್ಯಾಂಡ್’ ಎಂಬ ಮಾಸಪತ್ರಿಕೆ ಶುರುವಾಯಿತು. ಧಾರಾವಾಹಿಯ ಒಂದು ಕಂತು ತಪ್ಪಿದರೆ ಓದುಗ ಪತ್ರಿಕೆಯನ್ನೇ ಬಿಟ್ಟುಬಿಡುತ್ತಾನೆ ಎಂಬುದನ್ನು ಡಾಯ್ಲ್ ಗಮನಿಸಿದ್ದರು. ನಾಯಕ ಒಬ್ಬನೇ ಇರಲಿ, ಕಥೆ ಮಾತ್ರ ಆಯಾ ಸಂಚಿಕೆಯಲ್ಲೇ ಮುಗಿಯಲಿ ಎಂದು ಲೆಕ್ಕ ಹಾಕಿದರು. ಆ ವರ್ಷದ ಜುಲೈಯಿಂದ ತಿಂಗಳಿಗೊಂದರಂತೆ ಹೋಮ್ಸ್ ಕಥೆಗಳು ಬಂದವು. ಮುಂದಿನದು ಜಗತ್ತಿಗೇ ಗೊತ್ತು. ಪಾತ್ರ ಅದೇ, ಬರೆದ ಕೈಯೂ ಅದೇ. ಹೊಸದಾಗಿ ಸೇರಿದ್ದು ತಿಂಗಳು ತಪ್ಪದೆ ಬರುವ ಒಂದು ಪತ್ರಿಕೆ ಮಾತ್ರ.

ನಮ್ಮ ದೇಶದಲ್ಲೂ ಹೀಗೆಯೇ ಆಯಿತು. ಕಲ್ಕತ್ತಾ ಪೊಲೀಸ್ ಇಲಾಖೆಯ ಪ್ರಿಯನಾಥ ಮುಖೋಪಾಧ್ಯಾಯರು ತಾವು ಕಂಡ ಕೇಸುಗಳನ್ನೇ ಆಧರಿಸಿ 1892ರಿಂದ ‘ದಾರೋಗಾರ್ ದಪ್ತರ್’ ಎಂಬ ಮಾಲೆಯನ್ನು ತಂದರು. ಹಿಂದಿಯ ಗೋಪಾಲರಾಮ ಗಹಮರಿಯವರು 1900ರಲ್ಲಿ ಗಾಜೀಪುರ ಜಿಲ್ಲೆಯ ತಮ್ಮ ಹಳ್ಳಿ ಗಹಮರ್‌ನಿಂದ ‘ಜಾಸೂಸ್’ ಎಂಬ ಮಾಸಪತ್ರಿಕೆ ಶುರುಮಾಡಿ ದಶಕಗಳ ಕಾಲ ನಡೆಸಿದರು. ಗಂಗೆಯ ದಡದ ಒಂದು ಹಳ್ಳಿಯಿಂದ, ಅಂಚೆಯವನನ್ನು ನಂಬಿಕೊಂಡು! ಆ ಹೆಸರು ನೆನಪಾದಾಗಲೆಲ್ಲ ನನಗೆ ಹುಮ್ಮಸ್ಸು ಬರುತ್ತದೆ. ಇಬ್ನೆ ಸಫಿಯವರ ‘ಜಾಸೂಸಿ ದುನಿಯಾ’ 1952ರಲ್ಲಿ ಅಲಹಾಬಾದಿನಲ್ಲಿ ಶುರುವಾಯಿತು. ಅದೇ ವರ್ಷ ಲೇಖಕ ಪಾಕಿಸ್ತಾನಕ್ಕೆ ಹೋದರೂ ಮಾಲೆ ನಿಲ್ಲಲಿಲ್ಲ. ಬಂಗಾಳಿಗರು ಮನೆಮಗನಂತೆ ಪ್ರೀತಿಸುವ ಫೆಲೂದಾ ಹುಟ್ಟಿದ್ದು 1965ರಲ್ಲಿ, ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆಯಲ್ಲಿ. ಅಜ್ಜ ಶುರುಮಾಡಿ ನಿಂತುಹೋಗಿದ್ದ ಪತ್ರಿಕೆಯನ್ನು ಮೊಮ್ಮಗ ಸತ್ಯಜಿತ್ ರಾಯ್ ಮತ್ತೆ ನಡೆಸತೊಡಗಿದ್ದರು. ಅದರ ಪುಟ ತುಂಬಿಸಬೇಕಿತ್ತು, ಪತ್ತೇದಾರ ಬಂದ.

ಕನ್ನಡದ ದಾರಿ ಬೇರೆಯಾಯಿತು. ಇಲ್ಲಿ ಪತ್ತೇದಾರಿ ಬೆಳೆದದ್ದು ಪಾಕೆಟ್ ಕಾದಂಬರಿಯಾಗಿ. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಶಾಲೆಯ ಓದು ಅವರಿಗೆ ಹೆಚ್ಚೇನೂ ದಕ್ಕಿರಲಿಲ್ಲ, ಆದರೆ ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಂಬ ಅವರ ಪತ್ತೇದಾರರ ಹೆಸರು ಹೇಳಿದರೆ ಈಗಲೂ ಅರವತ್ತು ದಾಟಿದವರ ಮುಖ ಅರಳುತ್ತದೆ. ಮ. ರಾಮಮೂರ್ತಿಯವರನ್ನು ನಾವು ನೆನೆಯುವುದು ಕನ್ನಡ ಚಳವಳಿಯ ಸೇನಾನಿ, ಹಳದಿ ಕೆಂಪು ಬಾವುಟ ಕೊಟ್ಟವರು ಎಂದು. ನವೆಂಬರ್ ಒಂದರಂದು ಬಾವುಟ ಏರಿಸುವವರಲ್ಲಿ ಎಷ್ಟು ಮಂದಿಗೆ ಅವರು ಜನಪ್ರಿಯ ಪತ್ತೇದಾರಿ ಕಾದಂಬರಿಕಾರರೂ ಆಗಿದ್ದರೆಂದು ಗೊತ್ತು? ಟಿ.ಕೆ. ರಾಮರಾಯರನ್ನು ‘ಬಂಗಾರದ ಮನುಷ್ಯ’ದ ಮೂಲ ಲೇಖಕರೆಂದು ಹೊಗಳಿ, ರೋಚಕ ಕಾದಂಬರಿಗಳನ್ನು ಹೆಣೆಯುವುದರಲ್ಲಿ ಅವರಿಗಿದ್ದ ಹಿಡಿತವನ್ನು ಬದಿಗಿಟ್ಟುಬಿಟ್ಟಿದ್ದೇವೆ.

ಇವರೆಲ್ಲರ ಪುಸ್ತಕಗಳು ಓದುಗರನ್ನು ಮುಟ್ಟಿದ್ದು ಬಾಡಿಗೆ ಲೈಬ್ರರಿಗಳಿಂದ, ಬಸ್‌ಸ್ಟ್ಯಾಂಡಿನ ಅಂಗಡಿಗಳಿಂದ. ಸರ್ಕ್ಯುಲೇಟಿಂಗ್ ಲೈಬ್ರರಿ ಎಂದು ಬೋರ್ಡು ಹಾಕಿಕೊಂಡ ಒಂದೊಂದು ಮಳಿಗೆ ಎಲ್ಲ ಊರಿನಲ್ಲೂ ಇತ್ತು. ಮನೆಮನೆಗೆ ಟಿವಿ ಬಂದ ಮೇಲೆ ಆ ಮಳಿಗೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಅವುಗಳ ಜೊತೆಗೆ ಈ ಪ್ರಕಾರವೂ ಸೊರಗಿತು. ವಾರಪತ್ರಿಕೆಗಳು ನಡುನಡುವೆ ಪತ್ತೇದಾರಿ ಧಾರಾವಾಹಿ ಹಾಕಿದವು, ವಿಶೇಷಾಂಕಕ್ಕೊಂದು ಕಥೆ ತರಿಸಿಕೊಂಡವು. ಆದರೆ ಹತ್ತು ಹನ್ನೆರಡು ಪುಟದೊಳಗೆ ಒಗಟು ಕಟ್ಟಿ, ಸುಳಿವು ಬಿತ್ತಿ, ನ್ಯಾಯವಾಗಿ ಬಿಡಿಸುವ ಸಣ್ಣ ಕಥೆಗೆಂದೇ, ಅದರ ಕಸುಬು ಬಲ್ಲ ಸಂಪಾದಕನಿರುವ ಒಂದು ಪತ್ರಿಕೆ ನಾನು ಓದಿ ಬೆಳೆದ ಕಾಲದಲ್ಲಿ ಕೈಗೆ ಸಿಗಲಿಲ್ಲ. ನರಸಿಂಹಯ್ಯನವರಂಥ ದೈತ್ಯ ಶಕ್ತಿಯ ಲೇಖಕ ಒಬ್ಬಂಟಿಯಾಗಿ ಬರೆದರು. "ಈ ಸುಳಿವು ಮೂರನೇ ಪುಟದಲ್ಲೇ ಬರಬೇಕು, ಈ ಪಾತ್ರ ಬೇಡ" ಎಂದು ಅವರ ಪಕ್ಕ ಕೂತು ಹೇಳುವ ಸಂಪಾದಕನೊಬ್ಬ ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಮೆರಿಕದ ‘ಬ್ಲ್ಯಾಕ್ ಮಾಸ್ಕ್’ ಪತ್ರಿಕೆ 1920ರಲ್ಲಿ ಶುರುವಾದಾಗ ಅಗ್ಗದ ಕಾಗದದ ಕಾಲಕ್ಷೇಪ. 1926ರಲ್ಲಿ ಜೋಸೆಫ್ ಷಾ ಸಂಪಾದಕರಾಗಿ ಬಂದು ಕೊಬ್ಬು ಕತ್ತರಿಸಿ ಬರೆಯುವುದನ್ನು ಕಲಿಸಿದರು. ಡ್ಯಾಶಿಯಲ್ ಹ್ಯಾಮೆಟ್‌ರ ‘ಮಾಲ್ಟೀಸ್ ಫಾಲ್ಕನ್’ ಮೊದಲು ಬಂದದ್ದು ಅಲ್ಲೇ, ಕಂತುಗಳಲ್ಲಿ. ಸಂಪಾದಕನೊಬ್ಬ ಒಂದು ಪ್ರಕಾರದ ಹಣೆಬರಹವನ್ನೇ ತಿದ್ದಬಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದು ಎರಡನೇ ದರ್ಜೆಯ ಸಾಹಿತ್ಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ‘ಎಲ್ಲರಿ ಕ್ವೀನ್ಸ್ ಮಿಸ್ಟರಿ ಮ್ಯಾಗಜೀನ್’ 1941ರಲ್ಲಿ ಹುಟ್ಟಿ ಇಂದಿಗೂ ಬರುತ್ತಿರುವ ಪತ್ರಿಕೆ. 1946ರಲ್ಲಿ ಅದರ ಕಥಾಸ್ಪರ್ಧೆಯಲ್ಲಿ ಎರಡನೇ ಬಹುಮಾನ ಪಡೆದವರು ವಿಲಿಯಂ ಫಾಕ್ನರ್, ಮುಂದೆ ನೊಬೆಲ್ ಪಡೆದವರು. ಅರ್ಜೆಂಟೀನಾದ ಬೋರ್ಹೆಸ್ ಎಂಬ ಲೇಖಕ ಇಂಗ್ಲಿಷಿಗೆ ಮೊದಲ ಬಾರಿ ಕಾಲಿಟ್ಟದ್ದು 1948ರಲ್ಲಿ, ಇದೇ ಪತ್ರಿಕೆಯ ಮೂಲಕ. ನಮ್ಮ ತೇಜಸ್ವಿಯವರನ್ನು ನೋಡಿ. ‘ಚಿದಂಬರ ರಹಸ್ಯ’ದಲ್ಲಿ ಗುಪ್ತಚರನೊಬ್ಬ ಮಲೆನಾಡಿನ ಕೆಸರೂರಿಗೆ ಬರುತ್ತಾನೆ, ಏಲಕ್ಕಿ ವಿಜ್ಞಾನಿಯ ಸಾವಿನ ಸುತ್ತ ಕಥೆ ಬೆಳೆಯುತ್ತದೆ. ಪತ್ತೇದಾರಿಯ ಚೌಕಟ್ಟನ್ನೇ ಹಿಡಿದು ಒಂದು ಊರಿನ ಜಾತಿ, ಮೂಢನಂಬಿಕೆ, ಕಳ್ಳಸಾಗಣೆ, ಪ್ರೇಮ ಎಲ್ಲವನ್ನೂ ತೆರೆದಿಟ್ಟ ಆ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಜುಗಾರಿ ಕ್ರಾಸ್’ ಇಂದಿಗೂ ಕಾಲೇಜು ಹುಡುಗರ ಚೀಲದಲ್ಲಿದೆ. ಇತಿಹಾಸದ ಒಗಟುಗಳನ್ನು ಬೆನ್ನಟ್ಟುವ ಕೆ.ಎನ್. ಗಣೇಶಯ್ಯನವರ ಕಾದಂಬರಿಗಳಿಗೆ ಕಾಯುವ ಓದುಗರಿದ್ದಾರೆ. ಹೀಗಿರುವಾಗ ಕೀಳರಿಮೆ ಯಾಕೆ?

ನನ್ನ ದೊಡ್ಡಮ್ಮನ ವಿಷಯ ಇಲ್ಲಿ ಹೇಳಬೇಕು. ಮಧ್ಯಾಹ್ನದ ಕೆಲಸವೆಲ್ಲ ಮುಗಿದ ಮೇಲೆ ನಡುಮನೆಯ ಕಂಬಕ್ಕೊರಗಿ ಕೂತು ಪತ್ತೇದಾರಿ ಓದುವುದು ಅವರ ಪದ್ಧತಿ. ಬಾಡಿಗೆ ಪುಸ್ತಕಗಳಿಗೆ ಒಂದು ಕಾಯಿಲೆ ಇತ್ತು, ಕೊನೆಯ ಹಾಳೆ ಹರಿದಿರುತ್ತಿತ್ತು. ಇಲ್ಲವಾದರೆ ಹಿಂದೆ ಓದಿದ ಯಾರೋ ಪುಣ್ಯಾತ್ಮರು ಮೊದಲ ಪುಟಗಳಲ್ಲೇ ಒಂದು ಹೆಸರಿನ ಪಕ್ಕ ಪೆನ್ಸಿಲ್ಲಿನಲ್ಲಿ "ಇವನೇ ಕೊಲೆಗಾರ" ಎಂದು ಬರೆದಿರುತ್ತಿದ್ದರು. ದೊಡ್ಡಮ್ಮ ಅದನ್ನು ನಂಬುತ್ತಿರಲಿಲ್ಲ. "ಅವನು ಹ್ಯಾಗಾಗ್ತಾನೋ? ಅವನು ಎಡಗೈಯವನು ಅಂತ ಮೊದಲೇ ಬರ್ದಿದಾರಲ್ಲ" ಎಂದು ನಮ್ಮೊಡನೆ ವಾದಕ್ಕೆ ನಿಲ್ಲುವರು. ಹಾಳೆ ಹರಿದ ಪುಸ್ತಕಕ್ಕೆ ತಾವೇ ಒಂದು ಕೊನೆ ಕಟ್ಟಿ ಮಕ್ಕಳಿಗೆ ಹೇಳುವರು. ಒಮ್ಮೆ ಪೂರ್ತಿ ಇರುವ ಪ್ರತಿ ಸಿಕ್ಕಿ ನೋಡಿದರೆ ಲೇಖಕರು ಬರೆದ ಕೊನೆ ದೊಡ್ಡಮ್ಮ ಕಟ್ಟಿದ್ದಕ್ಕಿಂತ ಸಪ್ಪೆಯಾಗಿತ್ತು. ಎಲ್ಲೂ ಸುಳಿವಿಲ್ಲದ ಒಬ್ಬ ಅವಳಿ ತಮ್ಮ ಕಡೆಯ ಅಧ್ಯಾಯದಲ್ಲಿ ಧುತ್ತೆಂದು ಬಂದಿದ್ದ. "ಇದು ಮೋಸ ಕಣೋ" ಎಂದರು ದೊಡ್ಡಮ್ಮ. ಅವರು ಓದಿದ್ದು ಏಳನೇ ಇಯತ್ತೆ. ಪತ್ತೇದಾರಿ ವಿಮರ್ಶೆಯ ಮೊದಲ ಪಾಠ ನನಗಾದದ್ದು ಅವರಿಂದಲೇ.

ಆ ಪಾಠವನ್ನೇ ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ 1929ರಲ್ಲಿ ಹತ್ತು ನಿಯಮಗಳಾಗಿ ಬರೆದಿಟ್ಟಿದ್ದರು. ಅಪರಾಧಿ ಕಥೆಯ ಆರಂಭದ ಭಾಗದಲ್ಲೇ ಕಾಣಿಸಿಕೊಳ್ಳಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು, ಓದುಗನನ್ನು ಮೊದಲೇ ಸಜ್ಜುಗೊಳಿಸದೆ ಅವಳಿಗಳನ್ನು ತರಬಾರದು, ದೈವಿಕ ಶಕ್ತಿಗಳಿಂದ ಒಗಟು ಬಿಡಿಸಬಾರದು. ಕಥೆಯಲ್ಲಿ ಚೀನೀಯನಿರಬಾರದು ಎಂದೂ ಅವರು ಬರೆದಿದ್ದಾರೆ. ಆಗಿನ ಅಗ್ಗದ ಕಥೆಗಳಲ್ಲಿ ಖಳನೆಂದರೆ ಚೀನೀಯ ಎಂಬಷ್ಟು ಸವಕಲಾಗಿತ್ತು ಅದು. ಚೀನೀಯನ ಕುರಿತ ಈ ನಿಯಮ ನಮಗೆ ಹೆಚ್ಚು ಬೇಕು. ಒಂದು ಜಾತಿಯವನನ್ನೋ, ಒಂದು ಧರ್ಮದವನನ್ನೋ, ಹೊಟ್ಟೆಪಾಡಿಗೆ ಬೇರೆ ರಾಜ್ಯದಿಂದ ಬಂದ ಕೂಲಿಯವನನ್ನೋ ಹುಟ್ಟಿನಿಂದಲೇ ಅಪರಾಧಿಯನ್ನಾಗಿ ತೋರಿಸುವ ಕಥೆಗೆ ನಮ್ಮಲ್ಲಿ ಜಾಗವಿಲ್ಲ. ಇದರಲ್ಲಿ ರಾಜಿ ಇಲ್ಲ.

ದೈವಿಕದ ಮಾತು ಬಂತು. ಪತ್ರಿಕೆ ಪ್ರತಿ ಅಮಾವಾಸ್ಯೆಗೆ ಬರಲಿ ಎಂದು ನಮ್ಮಲ್ಲೊಬ್ಬರು ಸೂಚಿಸಿದರು. ಕೇಳಲು ಚೆನ್ನಾಗಿತ್ತು. ಆದರೆ ಅಮಾವಾಸ್ಯೆ ಎಂದರೆ ಜನ ದೆವ್ವದ ಕಥೆ ಎಂದುಕೊಳ್ಳುತ್ತಾರೆ. ನಮ್ಮ ಕಥೆಯಲ್ಲಿ ಮಾಟ ಮಾಡಿಸಿದ ನಿಂಬೆಹಣ್ಣು ಅಂಗಳದಲ್ಲಿ ಬಿದ್ದಿರಬಹುದು. ಅದನ್ನು ಯಾರು ಇಟ್ಟರು, ಯಾವ ಅಂಗಡಿಯಲ್ಲಿ ಕೊಂಡರು, ಹೆದರಿಕೆಯಿಂದ ಲಾಭ ಯಾರಿಗೆ ಎಂಬ ಕಡೆಗೆ ಕಥೆ ಹೋಗಬೇಕು. ಹಾಗಾಗಿ ಅಮಾವಾಸ್ಯೆ ಬಿಟ್ಟು ತಿಂಗಳ ಒಂದನೇ ತಾರೀಕು ಎಂದು ನಿರ್ಧರಿಸಿದೆವು.

ಇನ್ನು ಸ್ಥಳೀಯತೆ. ಪತ್ರಿಕೆಗೆಂದು ನಮಗೆ ಬಂದ ಕಥೆಗಳಲ್ಲಿ ಎಷ್ಟೋ ಓವರ್‌ಕೋಟು ತೊಟ್ಟ ಖಾಸಗಿ ಪತ್ತೇದಾರರವು. ಪೊಲೀಸರು ಅವರಿಗೆ ಸಲಾಂ ಹೊಡೆದು ಹೆಣ ತೋರಿಸುತ್ತಾರೆ, ಕೊನೆಗೆ ಎಲ್ಲರನ್ನೂ ಹಜಾರದಲ್ಲಿ ಕೂರಿಸಿದರೆ ಅಪರಾಧಿ ಬೆವರಿ ತಪ್ಪೊಪ್ಪಿಕೊಳ್ಳುತ್ತಾನೆ, ಅಲ್ಲಿಗೆ ಮುಗಿಯಿತು. ನಮ್ಮ ದೇಶದಲ್ಲಿ ಖಾಸಗಿ ಪತ್ತೇದಾರನಿಗೆ ಕೊಲೆ ಕೇಸಿನ ತನಿಖೆ ಮಾಡುವ ಯಾವ ಅಧಿಕಾರವೂ ಇಲ್ಲ. ಅವನ ಹೊಟ್ಟೆಪಾಡು ಮದುವೆಗೆ ಮುಂಚಿನ ವಿಚಾರಣೆ, ಗಂಡಹೆಂಡಿರ ಅನುಮಾನ, ಕಂಪನಿಯ ಉದ್ಯೋಗಿಯ ಪೂರ್ವಾಪರ. ಕಥೆಗೆ ಅದರಲ್ಲೇ ಎಷ್ಟು ಸರಕಿದೆ! ಆದರೆ ಹಾಗೆ ಬರೆದವರು ಕಡಿಮೆ.

ನಮ್ಮ ಬಳಗದಲ್ಲಿ ನಿವೃತ್ತ ಇನ್ಸ್‌ಪೆಕ್ಟರ್ ಒಬ್ಬರಿದ್ದಾರೆ. ಹಾಸನ, ಮಂಡ್ಯದ ಕಡೆ ಠಾಣೆಗಳಲ್ಲಿ ಸವೆದವರು. ಬಂದ ಕಥೆಗಳನ್ನು ಅವರಿಗೆ ಓದಲು ಕೊಟ್ಟೆ. ಮೊದಲನೆಯದನ್ನು ಮುಗಿಸಿ ಕನ್ನಡಕ ತೆಗೆದಿಟ್ಟು ಕೇಳಿದರು, "ಏನ್ ಸ್ವಾಮಿ, ಹೆಣ ಸಿಕ್ಕಿದ ಕೂಡಲೇ ನಿಮ್ಮ ಕಥೆಗಾರ ಪತ್ತೇದಾರನ್ನ ಕರೀತಾನೆ. ಪಂಚರನ್ನ ಯಾರು ಕರೀಬೇಕು?"

"ಸಾರ್, ಮಹಜರು ಪಂಚನಾಮೆ ಅಂತೆಲ್ಲ ಬರೆದರೆ ಓದೋರಿಗೆ ಬೇಸರ ಆಗಲ್ವಾ?"

"ಬೇಸರ ಯಾಕಾಗುತ್ತೆ? ಪಂಚ ಅಂತ ಸಹಿ ಹಾಕೋನು ಯಾರು? ಅದೇ ಊರಿನೋನು. ಸತ್ತೋನಿಗೆ ದಾಯಾದಿ ಇರಬೋದು, ಸಾಲ ಕೊಟ್ಟೋನು ಇರಬೋದು. ಇವತ್ತು ಕಣ್ಣಾರೆ ನೋಡಿ ಸಹಿ ಹಾಕ್ತಾನೆ, ನಾಲ್ಕು ವರ್ಷ ಬಿಟ್ಟು ಕೋರ್ಟಿನಲ್ಲಿ ನಿಂತು ನಾನು ನೋಡೇ ಇಲ್ಲ ಅಂತಾನೆ. ಯಾಕೆ ಅಂದ? ಯಾರು ಹೇಳಿಸಿದ್ರು? ಅಲ್ಲೇ ಇದೆಯಲ್ಲ ಕಥೆ."

ಮತ್ತೆ ಅವರು ಬಿಡಿಸಿ ಹೇಳುತ್ತಾ ಹೋದದ್ದನ್ನೆಲ್ಲ ನಾನು ಬರೆದುಕೊಂಡೆ. ಕೆರೆಯಲ್ಲಿ ಹೆಣ ತೇಲಿದರೆ, ಅನುಮಾನ ಪಡುವಂಥದ್ದು ಏನೂ ಕಾಣದಿದ್ದರೆ, ಮೊದಲು ದಾಖಲಾಗುವುದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರು ಒಳಾಂಗಗಳ ಮಾದರಿ ತೆಗೆದಿಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್‌ನಿಂದ ವರದಿ ಬರುವುದಕ್ಕೆ ಕಾಯಬೇಕು. ನೀರಿನಲ್ಲಿ ಮುಳುಗಿ ಸತ್ತನೋ, ಸತ್ತ ಮೇಲೆ ನೀರಿಗೆ ಬಿದ್ದನೋ ಎಂದು ತಿಳಿಯಲು ಮೂಳೆಯ ಮಜ್ಜೆಯಲ್ಲಿ ಡಯಾಟಂ ಎಂಬ ಸೂಕ್ಷ್ಮ ಪಾಚಿಗಳನ್ನು ಹುಡುಕುವುದುಂಟು. ವರದಿ ಬರುವ ಹೊತ್ತಿಗೆ ತಿಥಿ ಮುಗಿದು, ಆಸ್ತಿ ಪಾಲಾಗಿ, ಸಾಕ್ಷಿ ಹೇಳಬೇಕಾದವನು ಊರು ಬಿಟ್ಟಿರುತ್ತಾನೆ. ಈ ಕಾಯುವಿಕೆಯನ್ನು ಬಲ್ಲ ಕಥೆಗಾರನಿಗೆ ಲಂಡನ್ನಿನ ಮಂಜು ಬೇಕಿಲ್ಲ.

ತಪ್ಪೊಪ್ಪಿಗೆಯ ಮಾತು ಇನ್ನೂ ಮುಖ್ಯ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯದಲ್ಲಿ ಆರೋಪಿಯ ವಿರುದ್ಧ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೂ ಹೀಗಿತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಹೊಸ ಅಧಿನಿಯಮದಲ್ಲೂ ಹೀಗೇ ಇದೆ. ಆರೋಪಿ ಹೇಳಿದ ಜಾಗದಲ್ಲಿ ಮಚ್ಚು ಸಿಕ್ಕರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಮಾತ್ರ ನಿಲ್ಲುತ್ತದೆ. ಮಂಪರು ಪರೀಕ್ಷೆ ಮಾಡಿಸಿ ಬಾಯಿ ಬಿಡಿಸುತ್ತೇನೆಂದರೆ, 2010ರಲ್ಲಿ ಸುಪ್ರೀಂ ಕೋರ್ಟು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಅದನ್ನು ಯಾರ ಮೇಲೂ ಮಾಡುವಂತಿಲ್ಲ ಎಂದಿದೆ. ನಮ್ಮ ರಾಜ್ಯದ ಹೆಸರೇ ಇರುವ ತೀರ್ಪು. ಹಾಗಿದ್ದೂ ಕಥೆಗಳಲ್ಲಿ ಸೂಜಿ ಚುಚ್ಚಿದ ಕೂಡಲೇ ಸತ್ಯ ಹೊರಬೀಳುತ್ತಲೇ ಇದೆ. ಕೊಲೆಯ ಕಲಂ 302 ಹೋಗಿ 103 ಬಂದಿದೆ, ಹೊಸ ಕಥೆಗಳಲ್ಲಿ ಅದೂ ಸರಿಯಾಗಿರಬೇಕು. ಇಂಥ ಕಟ್ಟುಗಳು ಕಥೆಯನ್ನು ಹಿಗ್ಗಿಸುತ್ತವೆ ಎಂಬುದು ನನ್ನ ನಂಬಿಕೆ. ಅವನೇ ಕೊಂದದ್ದು ಎಂದು ಪಿಎಸ್‌ಐಗೆ ಗೊತ್ತು, ಅವನೇ ಹೇಳಿದ್ದಾನೆ, ಆದರೆ ಆ ಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಈಗ ಏನು ಮಾಡುತ್ತಾನೆ? ನಿಜವಾದ ಪತ್ತೇದಾರಿ ಶುರುವಾಗುವುದೇ ಆಗ.

ಕೊಲೆಗೆ ಕಾರಣಗಳನ್ನೂ ನಮ್ಮ ನೆಲದಿಂದಲೇ ಎತ್ತಿಕೊಳ್ಳಬೇಕು. ಪಹಣಿಯ ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ, ಹನ್ನೊಂದನೆಯದರಲ್ಲಿ ಯಾವ ಸಾಲ ಕೂತಿದೆ, ಪೋಡಿಯಾಗದೆ ಉಳಿದ ಜಂಟಿ ಸರ್ವೆ ನಂಬರಿನಲ್ಲಿ ಕೊಳವೆಬಾವಿ ಯಾರ ಪಾಲಿಗೆ ಬಿತ್ತು, ಸತ್ತವನ ಸಹಿಯಿರುವ ಜಿಪಿಎ ಯಾವ ತಾರೀಕಿನದು, ಹಳ್ಳಿಯಲ್ಲಿ ರಕ್ತ ಹರಿಯುವುದು ಹೆಚ್ಚಾಗಿ ಇಂಥವುಗಳ ಹಿಂದೆ. ಗ್ರಾಮ ಆಡಳಿತಾಧಿಕಾರಿಯೊಬ್ಬರು ಕಥೆ ಬರೆದರೆ ಯಾವ ಅಗಾಥಾ ಕ್ರಿಸ್ಟಿಗೂ ಸಿಗದ ಸುಳಿವುಗಳು ಅವರ ಬಳಿ ಇರುತ್ತವೆ. ಕ್ರಿಸ್ಟಿ ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿದ್ದರಿಂದಲೇ ವಿಷಗಳ ವಿಷಯದಲ್ಲಿ ಅಷ್ಟು ಕರಾರುವಾಕ್ಕಾಗಿದ್ದರು. ಹ್ಯಾಮೆಟ್ ಪಿಂಕರ್ಟನ್ ಏಜೆನ್ಸಿಯಲ್ಲಿ ದುಡಿದವರು, ಡಾಯ್ಲ್ ವೈದ್ಯರು. ನಮಗೂ ಲೈನ್‌ಮನ್ ಬರೆದ ಕಥೆ ಬೇಕು, ಸರ್ವೆಯರ್ ಬರೆದದ್ದು, ರಾತ್ರಿಪಾಳಿಯ ನರ್ಸ್ ಬರೆದದ್ದು, ಕಾಫಿ ತೋಟದ ರೈಟರ್ ಬರೆದದ್ದು ಬೇಕು. ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಕೆಜಿಎಫ್‌ನಲ್ಲಿ ಉಳಿದವರೊಬ್ಬರು ಅಲ್ಲಿನ ಸುರಂಗಗಳ ಬಗ್ಗೆ ಬರೆದರೆ ನಾನೇ ಮೊದಲ ಓದುಗ.

ಒಂದು ವಿಷಯದಲ್ಲಿ ನಾವು ಹಳೆಯ ದಾರಿಯಿಂದ ಹೊರಳಿಕೊಂಡಿದ್ದೇವೆ. ಹಿಂದಿನ ಪಾಕೆಟ್ ಪುಸ್ತಕಗಳ ಮುಖಪುಟದಲ್ಲಿ ಸೆರಗು ಜಾರಿದ ಹೆಣ್ಣು, ಪಕ್ಕದಲ್ಲೊಂದು ರಿವಾಲ್ವರ್ ಇರಲೇಬೇಕಿತ್ತು. ಒಳಗೆ ಸತ್ತು ಬಿದ್ದವಳಿಗೆ ಹೆಸರು ಬಿಟ್ಟರೆ ಇನ್ನೇನೂ ಇರುತ್ತಿರಲಿಲ್ಲ. ಸತ್ತವರಿಗೂ ಒಂದು ಬದುಕಿತ್ತು, ಅವರಿಗಾಗಿ ಕಾಯುವವರಿದ್ದರು ಎಂಬುದು ನಾವು ಹಾಕುವ ಕಥೆಗಳಲ್ಲಿ ತಿಳಿಯಬೇಕು. ನಡೆಯುತ್ತಿರುವ ನಿಜವಾದ ಪ್ರಕರಣಗಳನ್ನು ಹೆಸರು ಬದಲಿಸಿ ಕಥೆಯಾಗಿಸುವುದೂ ಬೇಡ. ಆ ಮನೆಗಳಲ್ಲಿ ಇನ್ನೂ ಕಣ್ಣೀರು ಆರಿರುವುದಿಲ್ಲ. ವಿಷದ ಪ್ರಮಾಣ, ಸಿಗುವ ಜಾಗ, ಬೆರೆಸುವ ಕ್ರಮ ಇವನ್ನು ಬರೆದಿದ್ದರೆ ತೆಗೆದುಹಾಕುತ್ತೇವೆ. ಕಥೆಗೆ ಅದರಿಂದ ಏನೂ ನಷ್ಟವಿಲ್ಲ.

ಅಂತರ್ಜಾಲವೇ ಯಾಕೆ ಎಂದರೆ, ಬಾಡಿಗೆ ಲೈಬ್ರರಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ, ಓದುಗ ಅಲ್ಲಿದ್ದಾನೆ. ಮುದ್ರಣ, ಕಾಗದ, ಏಜೆಂಟರ ಕಮಿಷನ್, ಮಾರಾಟವಾಗದೆ ವಾಪಸು ಬರುವ ಪ್ರತಿಗಳ ಹೊರೆ ಎಷ್ಟು ಸಣ್ಣ ಪತ್ರಿಕೆಗಳನ್ನು ನುಂಗಿತೆಂದು ಕನ್ನಡದವರಿಗೆ ಹೇಳಬೇಕಿಲ್ಲ. ಸಂಪದ, ಕೆಂಡಸಂಪಿಗೆ, ಅವಧಿ, ಋತುಮಾನ ಇವೆಲ್ಲ ತೆರೆಯ ಮೇಲೂ ಕನ್ನಡದ ಗಂಭೀರ ಓದು ಸಾಧ್ಯ ಎಂದು ತೋರಿಸಿಕೊಟ್ಟಿವೆ. ನ್ಯೂಜೆರ್ಸಿಯ ಕನ್ನಡಿಗನಿಗೂ ನಾಪೋಕ್ಲಿನ ಓದುಗಳಿಗೂ ಸಂಚಿಕೆ ಒಂದೇ ಗಳಿಗೆಯಲ್ಲಿ ಸಿಗುತ್ತದೆ.

ತೊಡಕುಗಳೂ ಇವೆ. ಎಷ್ಟೋ ಹಿರಿಯ ಲೇಖಕರು ಇನ್ನೂ ಹಳೆಯ ‘ನುಡಿ’ ತಂತ್ರಾಂಶದಲ್ಲೋ ‘ಬರಹ’ದಲ್ಲೋ ಟೈಪ್ ಮಾಡಿ ಕಳಿಸುತ್ತಾರೆ. ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವತ್ತು ಜಾರುತ್ತದೆ, ಒತ್ತಕ್ಷರ ಒಡೆಯುತ್ತದೆ, ಅಂಕಿಗಳು ಅದಲುಬದಲಾಗುತ್ತವೆ. ಬೇರೆ ಕಥೆಗಳಲ್ಲಿ ಅಕ್ಷರ ತಪ್ಪಿದರೆ ಓದುಗ ಮನಸ್ಸಿನಲ್ಲೇ ತಿದ್ದಿಕೊಂಡು ಮುಂದೆ ಹೋಗುತ್ತಾನೆ. ಪತ್ತೇದಾರಿಯಲ್ಲಿ ಹಾಗಲ್ಲ. ಒಂದು ಕಡೆ ಬಸ್ಸು 7.10ಕ್ಕೆ ಹೊರಟು ಇನ್ನೊಂದು ಕಡೆ 7.40 ಎಂದಾದರೆ ಎಚ್ಚರದ ಓದುಗ ಅದನ್ನೇ ಸುಳಿವೆಂದು ಹಿಡಿದು ಕೂರುತ್ತಾನೆ. ಕೊನೆಗೆ ಅದು ಬರೀ ಅಚ್ಚಿನ ತಪ್ಪೆಂದು ತಿಳಿದರೆ ಆ ಓದುಗ ಮತ್ತೆ ನಮ್ಮ ಕಡೆ ತಲೆ ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಆದ್ದರಿಂದ ಪ್ರತಿ ಕಥೆಯನ್ನೂ ಇಬ್ಬರು ಕರಡು ತಿದ್ದುತ್ತಾರೆ. ಒಬ್ಬರು ಭಾಷೆಗೆ, ಇನ್ನೊಬ್ಬರು ತಾರೀಕು, ಗಂಟೆ, ದೂರ, ಯಾವ ಕೈ, ಯಾವ ಬಾಗಿಲು ಇಂಥವಕ್ಕೆ.

ಮೊಬೈಲಿನಲ್ಲಿ ಬೆರಳು ಸ್ವಲ್ಪ ಜೋರಾಗಿ ಓಡಿದರೆ ಕೊಲೆಗಾರನ ಹೆಸರು ಕಣ್ಣಿಗೆ ಬಿದ್ದುಬಿಡುತ್ತದೆ. ಎಲ್ಲರಿ ಕ್ವೀನ್‌ರ ಮೊದಲ ಕಾದಂಬರಿಗಳಲ್ಲಿ ಬಿಡಿಸುವ ಅಧ್ಯಾಯಕ್ಕೆ ಮುಂಚೆ ಓದುಗನಿಗೊಂದು ಸವಾಲು ಇರುತ್ತಿತ್ತು, ಎಲ್ಲ ಸುಳಿವುಗಳೂ ನಿಮ್ಮ ಮುಂದಿವೆ, ಈಗ ನೀವೇ ಹೇಳಿ ಎಂದು. ನಾವೂ ಅಲ್ಲಿ ಕಥೆಯನ್ನು ನಿಲ್ಲಿಸುತ್ತೇವೆ. ಕೊನೆಯ ಭಾಗ ಮುಚ್ಚಿರುತ್ತದೆ, ಓದುಗ ತಾನಾಗಿ ಒತ್ತಿದರೆ ಮಾತ್ರ ತೆರೆಯುತ್ತದೆ. ಕಣ್ಣು ಮಂಜಾದವರಿಗಾಗಿ ಪ್ರತಿ ಕಥೆಯನ್ನೂ ಓದಿ ಧ್ವನಿಮುದ್ರಿಸುತ್ತೇವೆ. ದೊಡ್ಡಮ್ಮನಿಗೆ ಈಗ ಪೊರೆ ಬಂದಿದೆ. ಮೊದಲು ಸಿದ್ಧವಾದ ಧ್ವನಿಕಥೆಯನ್ನು ಅವರಿಗೆ ಕೇಳಿಸಿದೆವು. ಸವಾಲಿನ ಜಾಗದಲ್ಲಿ ನಿಲ್ಲಿಸಿದರೆ ಸಿಟ್ಟು ಮಾಡಿಕೊಂಡರು. ಆದರೆ ಹೆಸರು ಸರಿಯಾಗಿ ಹೇಳಿದರು.

ಹಣದ ಮಾತಿಗೆ ಬರುತ್ತೇನೆ. ಅಂತರ್ಜಾಲದಲ್ಲಿ ಬರೆದವರಿಗೆ ಸಂಭಾವನೆ ಕೊಡದಿರುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಪತ್ತೇದಾರಿ ಕಥೆ ಕಟ್ಟುವುದು ಶ್ರಮದ ಕೆಲಸ. ಕೊನೆಯಿಂದ ಹಿಂದಕ್ಕೆ ಯೋಚಿಸಬೇಕು, ಹತ್ತು ಸಲ ತಿದ್ದಬೇಕು. ಅದಕ್ಕೆ ಧನ್ಯವಾದವಷ್ಟೇ ಸಾಲದು. ಪ್ರಕಟವಾದ ವಾರದಲ್ಲೇ ಪ್ರತಿ ಕಥೆಗೆ ಎರಡು ಸಾವಿರ ರೂಪಾಯಿ ಲೇಖಕರ ಖಾತೆಗೆ ಹೋಗಬೇಕೆಂದು ತೀರ್ಮಾನಿಸಿದ್ದೇವೆ. ದೊಡ್ಡ ಮೊತ್ತವಲ್ಲ. ಮೊದಲ ವರ್ಷದ್ದನ್ನು ನಾವೇ ಕೈಯಿಂದ ಹಾಕುತ್ತೇವೆ, ಆಮೇಲೆ ಚಂದಾದಾರರು ನಡೆಸಬೇಕು. ಸಂಚಿಕೆಯ ಒಂದು ಕಥೆ ಎಲ್ಲರಿಗೂ ಉಚಿತ, ಉಳಿದವು ಚಂದಾದಾರರಿಗೆ. ಓದುಗ ಹಣ ಕೊಟ್ಟು ಓದಿದರೆ ಮಾತ್ರ ಪತ್ರಿಕೆ ಬಾಳುತ್ತದೆ ಎಂಬುದು ಕಟುವಾದರೂ ನಿಜ.

ಹಳೆಯದನ್ನೂ ಉಳಿಸಿಕೊಳ್ಳಬೇಕೆಂಬ ಆಸೆ ದೊಡ್ಡದಿದೆ. ಪಾಕೆಟ್ ಪುಸ್ತಕಗಳನ್ನು ಅಚ್ಚು ಹಾಕಿದ್ದು ಬೇಗ ಹಳದಿಯಾಗಿ ಪುಡಿಯಾಗುವ ಕಾಗದದ ಮೇಲೆ. ಅವುಗಳನ್ನು ಜೋಪಾನ ಮಾಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯಗಳು ಇವನ್ನು ಸಾಹಿತ್ಯವೆಂದು ಎಣಿಸದೆ ಕಪಾಟಿನಿಂದ ದೂರವಿಟ್ಟವು. ಬಾಡಿಗೆ ಲೈಬ್ರರಿ ಮುಚ್ಚಿದ ದಿನ ಎಲ್ಲವೂ ತೂಕದ ಲೆಕ್ಕದಲ್ಲಿ ಹೋದವು. ಹೀಗೆ ಎಷ್ಟು ಶೀರ್ಷಿಕೆಗಳು ಕಳೆದುಹೋದವೋ. ಹಕ್ಕುದಾರರ ಒಪ್ಪಿಗೆ ಪಡೆದು, ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ, ಪ್ರತಿ ಸಂಚಿಕೆಯಲ್ಲೂ ಒಂದು ಹಳೆಯ ಪತ್ತೇದಾರಿಯ ಅಧ್ಯಾಯವನ್ನು ಮತ್ತೆ ಓದುಗರ ಮುಂದಿಡಬೇಕೆಂದಿದ್ದೇವೆ. ಅದಕ್ಕೆ ಮೊದಲು ಪುಸ್ತಕ ಸಿಗಬೇಕು.

ನಿಮ್ಮ ಮನೆಯ ಅಟ್ಟದಲ್ಲೋ, ಅಜ್ಜಿಯ ಟ್ರಂಕಿನಲ್ಲೋ ಹಳೆಯ ಪತ್ತೇದಾರಿ ಪುಸ್ತಕಗಳಿದ್ದರೆ ದಯವಿಟ್ಟು ರದ್ದಿಯವನಿಗೆ ಹಾಕಬೇಡಿ. ರಟ್ಟು ಕಿತ್ತುಹೋಗಿದ್ದರೂ, ಕೊನೆಯ ಹಾಳೆ ಇಲ್ಲದಿದ್ದರೂ ಚಿಂತೆಯಿಲ್ಲ, ಎತ್ತಿಡಿ. ಬೇರೊಂದು ಊರಿನಲ್ಲಿ ಬೇರೊಬ್ಬರ ಮನೆಯಲ್ಲಿ ಅದೇ ಪುಸ್ತಕದ ಕೊನೆಯ ಹಾಳೆ ಇರಬಹುದು.